ದೋಸ್ತಿ ಮಾಡಲು ಯಾವ ಇಂಗ್ಲಿಷ್ ಒಳ್ಳೇದು? 'ಹ್ಯಾಂಗ್ ಔಟ್', 'ಕ್ಯಾಚ್ ಅಪ್', 'ಹಿಟ್ ಇಟ್ ಆಫ್' ಎಲ್ಲ ತೂಗಿ ನೋಡೋಣ

ಬೆಳಗಾವಿಯಲ್ಲಿ ಶನಿವಾರ, ಭಾನುವಾರ ನಾನು ಸ್ಪೋಕನ್ ಇಂಗ್ಲಿಷ್ ಕ್ಲಾಸ್ ನಡೆಸುತ್ತೇನೆ. ಬರುವವರು ವ್ಯಾಕರಣದ ಪ್ರಶ್ನೆ ಕೇಳುವುದು ಕಡಿಮೆ. ಕ್ಲಾಸ್ ಮುಗಿದು ಚಪ್ಪಲಿ ಮೆಟ್ಟಿಕೊಳ್ಳುವ ಹೊತ್ತಿಗೆ ಹತ್ತಿರ ಬಂದು, ದನಿ ಇಳಿಸಿ, ಬೇರೆಯದನ್ನೇ ಕೇಳುತ್ತಾರೆ. "ಸರ, ಹಾಸ್ಟೆಲ್‌ನ್ಯಾಗ ಕೇರಳದ ಹುಡುಗ ಒಬ್ಬಾವ ಅದಾನ್ರಿ. ಕನ್ನಡ ಬರೂದಿಲ್ಲ, ಹಿಂದೀನೂ ಅಷ್ಟಕ್ಕಷ್ಟ. ದೋಸ್ತಿ ಮಾಡ್ಕೋಬೇಕಂದ್ರ 'ಹ್ಯಾಂಗ್ ಔಟ್' ಅನ್ಬೇಕೋ, 'ಕ್ಯಾಚ್ ಅಪ್' ಅನ್ಬೇಕೋ, ಗೊತ್ತಾಗವಲ್ದು."

ಇಂಥವರೇ ಇನ್ನೂ ಮೂರು ಜನ ಇದ್ದಾರೆ. ಒಬ್ಬಳು ಸೆಪ್ಟೆಂಬರ್‌ಗೆ ಮ್ಯಾಂಚೆಸ್ಟರ್‌ಗೆ ಓದಲು ಹೊರಟಿದ್ದಾಳೆ. ಇನ್ನೊಬ್ಬ ಬಾಗಲಕೋಟೆಯ ನವನಗರದಲ್ಲಿ ಮನೆಯಿಂದಲೇ ಕೆಲಸ ಮಾಡುತ್ತಾನೆ, ಟೀಮ್ ಎಲ್ಲಾ ಟೆಕ್ಸಾಸ್‌ನಲ್ಲಿದೆ. ಮತ್ತೊಬ್ಬ ಬಾದಾಮಿಯವನು. ಅಲ್ಲಿನ ಕೆಂಪು ಬಂಡೆ ಹತ್ತಲು ಚಳಿಗಾಲದಲ್ಲಿ ದೇಶವಿದೇಶದಿಂದ ಹುಡುಗರು ಬರುತ್ತಾರಲ್ಲ, ಅವರ ಜೊತೆ ಓಡಾಡುತ್ತಾನೆ. ಇವರ ಯಾರ ತೊಂದರೆಯೂ ಇಂಗ್ಲಿಷ್ ಬರದಿರುವುದಲ್ಲ. ರೀಲ್ಸ್ ನೋಡಿ ನೋಡಿ ಒಂದೊಂದು ವಿಷಯಕ್ಕೆ ಹತ್ತು ಹತ್ತು ಮಾತು ಕಲಿತಿದ್ದಾರೆ, ಯಾವುದನ್ನು ಎಲ್ಲಿ ಬಿಡಬೇಕು ಅಂತ ತಿಳಿಯದೆ ಕೊನೆಗೆ ಬಾಯಿ ಮುಚ್ಚಿಕೊಂಡು ಮೊಬೈಲ್ ನೋಡುತ್ತಾ ಕೂರುತ್ತಾರೆ.

ತೂಗುವ ಮೊದಲು

ಯಾವ ಮಾತು ಆರಿಸುವ ಮೊದಲೂ ನಾನು ನಾಲ್ಕು ವಿಷಯ ನೋಡುತ್ತೇನೆ.

ಮೊದಲನೆಯದು ಹೊತ್ತು. ಕೆಲವು ಮಾತು ಇರುವುದು ಗೆಳೆತನ ಶುರು ಮಾಡಲು, ಕೆಲವು ಗೆಳೆತನ ಆದ ಮೇಲೆ ಮೂರನೆಯವರಿಗೆ ಹೇಳಲು. ಅದಲುಬದಲು ಮಾಡಿದರೆ ಹೆಣ್ಣು ನೋಡಲು ಹೋದ ಮನೆಯಲ್ಲಿ ಕುಬಸದ ಮಾತು ತೆಗೆದ ಹಾಗೆ. ಎರಡನೆಯದು ಅಪಾರ್ಥ. ಗೆಳೆತನದ ಮಾತು ಅಂತ ನೀವು ಆಡಿದ್ದು ಪ್ರೇಮದ ಮಾತಾಗಿ ಕೇಳಿಸುತ್ತದಾ? ಹುಡುಗ ಹುಡುಗಿ ನಡುವೆ ಇದನ್ನು ಎರಡು ಸಲ ಯೋಚಿಸಬೇಕು. ಮೂರನೆಯದು ಕೇಳುವವರ ಊರು: ಅಮೆರಿಕದವರು, ಬ್ರಿಟನ್‌ನವರು, ನಮ್ಮವರು ಒಂದೇ ಮಾತನ್ನು ಮೂರು ಥರ ಕೇಳಿಸಿಕೊಳ್ಳಬಹುದು.

ನಾಲ್ಕನೆಯದು ಬಜೆಟ್. ದುಡ್ಡಿನದು ಸ್ವಲ್ಪ ಇದೆ, ಅದಕ್ಕೆ ಆಮೇಲೆ ಬರುತ್ತೇನೆ. ಮುಖ್ಯವಾಗಿ ನಿಮ್ಮ ಜೇಬಿನಲ್ಲಿ ಎಷ್ಟು ಇಂಗ್ಲಿಷ್ ಇದೆ ಅನ್ನೋದು. ಕೆಲವು ಮಾತು ಎರಡೇ ಶಬ್ದ, ಹೇಳಿ ಸುಮ್ಮನಾಗಬಹುದು. ಕೆಲವು ಆಡಿದರೆ ಮುಂದೆ ಹತ್ತು ನಿಮಿಷ ಮಾತು ನಡೆಸಿಕೊಂಡು ಹೋಗಬೇಕು, ಇಲ್ಲಾಂದ್ರೆ ಶುರು ಮಾಡಿದ್ದೇ ತಪ್ಪಾಯಿತು ಅನಿಸುತ್ತದೆ.

ನೇರವಾಗಿ ಕೇಳಿಬಿಡುವುದು

'ಐ ವಾಂಟ್ ಟು ಮೇಕ್ ಫ್ರೆಂಡ್‌ಶಿಪ್ ವಿತ್ ಯೂ.' ಇದನ್ನು ಬಿಟ್ಟುಬಿಡಿ. 'ನಿಮ್ಮ ಜೋಡಿ ದೋಸ್ತಿ ಮಾಡ್ಬೇಕು' ಅನ್ನೋದಕ್ಕೆ ಇಂಗ್ಲಿಷ್ ಅಂಗಿ ತೊಡಿಸಿದ ಮಾತು ಇದು. ಗುರುತಿಲ್ಲದ ಹೆಣ್ಣುಮಕ್ಕಳ ಇನ್‌ಬಾಕ್ಸಿಗೆ ಇದೇ ಸಾಲು ಹೋಗಿ ಹೋಗಿ ಈಗ ಜೋಕ್ ಆಗಿದೆ. ನೀವು ಎಷ್ಟೇ ಒಳ್ಳೆಯ ಮನಸ್ಸಿನಿಂದ ಹೇಳಿದರೂ ಕೇಳುವವರಿಗೆ ಆ ಜೋಕೇ ನೆನಪಾಗುತ್ತದೆ.

'ಲೆಟ್ಸ್ ಬಿ ಫ್ರೆಂಡ್ಸ್' ವ್ಯಾಕರಣಕ್ಕೆ ಸರಿ. ಆದರೆ ಅದು ಆರು ವರ್ಷದ ಮಕ್ಕಳ ಬಾಯಲ್ಲಿ ಚಂದ. ದೊಡ್ಡವರಲ್ಲಿ ಅದಕ್ಕೊಂದು ಬೇರೆಯೇ ಕೆಲಸ ಇದೆ. ನಡುವೆ 'ಜಸ್ಟ್' ಸೇರಿಸಿ 'ಲೆಟ್ಸ್ ಜಸ್ಟ್ ಬಿ ಫ್ರೆಂಡ್ಸ್' ಅಂದರೆ 'ನಿನ್ನ ಪ್ರೀತಿ ಗೀತಿ ನನಗೆ ಬೇಡ' ಅಂತ. ಯಾರೂ ಪ್ರೀತಿಯ ಮಾತೇ ಎತ್ತಿಲ್ಲದಾಗ ನೀವಾಗಿಯೇ ಇದನ್ನು ಹೇಳಿದರೆ ಎದುರಿನವರು ಗಾಬರಿ ಆಗುತ್ತಾರೆ.

'ಮೇಕ್ ಫ್ರೆಂಡ್ಸ್' ಒಳ್ಳೆಯ ಮಾತು, ಆದರೆ ಆ ವ್ಯಕ್ತಿಗೇ ಹೇಳುವುದಲ್ಲ, ಅವರ ಬಗ್ಗೆ ಮನೆಯಲ್ಲಿ ಅವ್ವನಿಗೆ ಹೇಳುವುದು. ಕೊನೆಯ 'ಸ್' ನುಂಗಬೇಡಿ. ಗೆಳೆಯ ಒಬ್ಬನೇ ಆದರೂ 'ಐ ಮೇಡ್ ಫ್ರೆಂಡ್ಸ್ ವಿತ್ ಹಿಮ್' ಅಂತಲೇ ಅನ್ನಬೇಕು. ಒಂದೇ ಕೈಯಲ್ಲಿ ಚಪ್ಪಾಳೆ ಆಗಲ್ಲ, ಒಬ್ಬನೇ 'ಫ್ರೆಂಡ್' ಆಗಲ್ಲ ಅಂತ ಕ್ಲಾಸಿನಲ್ಲಿ ಹೇಳಿಕೊಡುತ್ತೇನೆ, ನೆನಪಿರಲಿ ಅಂತ. 'ಬೆಫ್ರೆಂಡ್' ಬೇಡ, ಅದು ಪೇಪರಿನ ಭಾಷೆ. ಅದೂ ಎಷ್ಟೋ ಸಲ 'ಮುದುಕಿಯ ಸ್ನೇಹ ಬೆಳೆಸಿ ಒಡವೆ ದೋಚಿದ' ಅನ್ನೋ ಥರದ ಸುದ್ದಿಯಲ್ಲಿ ಬರುತ್ತದೆ. 'ಫ್ರೆಂಡೆಡ್' ಅಂದರೆ ಫೇಸ್‌ಬುಕ್‌ನಲ್ಲಿ ಸೇರಿಸಿಕೊಂಡೆ ಅಂತ ಅಷ್ಟೇ. ಅದರ ತಮ್ಮ 'ಅನ್‌ಫ್ರೆಂಡ್' 2009ರಲ್ಲಿ ನ್ಯೂ ಆಕ್ಸ್‌ಫರ್ಡ್ ಅಮೆರಿಕನ್ ಡಿಕ್ಷನರಿಯ ವರ್ಷದ ಶಬ್ದ ಆಗಿತ್ತು. ದೋಸ್ತಿ ಮಾಡುವ ಶಬ್ದಕ್ಕಿಂತ ಮುರಿಯುವ ಶಬ್ದಕ್ಕೇ ಬಹುಮಾನ, ನೋಡಿ.

ಬಾ ಅಂತ ಕರೆಯುವುದು

ನನ್ನ ವೋಟು ಇದಕ್ಕೇ. ನಮ್ಮಲ್ಲಿ ಯಾರಾದರೂ 'ನನ್ನ ಗೆಳೆಯ ಆಗ್ತೀಯಾ' ಅಂತ ಕೇಳಿದ್ದನ್ನು ನೋಡಿದ್ದೀರಾ? ಇಲ್ಲ. 'ಬರ್ರಿ, ಚಾ ಕುಡ್ಯೂಣು' ಅಂತೀವಿ. ಹತ್ತು ಚಾ ಆದ ಮೇಲೆ ತಾನೇ ದೋಸ್ತಿ ಆಗಿರುತ್ತದೆ, ಯಾವ ಚಾಕ್ಕೆ ಆಯಿತು ಅಂತ ಕೇಳಿದರೆ ಇಬ್ಬರಿಗೂ ಗೊತ್ತಿರಲ್ಲ. ಇಂಗ್ಲಿಷಿನಲ್ಲೂ ಹೀಗೇ. ಆದರೆ ಕರೆಯುವ ಮಾತು ನಾಲ್ಕೈದಿವೆ, ಒಂದೊಂದರ ತೂಕ ಬೇರೆ.

'ಹ್ಯಾಂಗ್ ಔಟ್' ಅಂದರೆ ಸುಮ್ನೆ ಜೊತೆಗಿರೋದು, ಕಟ್ಟೆ ಮೇಲೆ ಕೂತು ಹರಟೆ ಹೊಡೆಯೋದು, ಕೋಟೆ ಕೆರೆ ದಂಡೆಗೆ ಒಂದು ಸುತ್ತು ಹೋಗಿ ಬರೋದು. ಹರೆಯದವರಲ್ಲಿ ಈಗ ಎಲ್ಲ ದೇಶದಲ್ಲೂ ನಡೆಯುತ್ತದೆ. ಐವತ್ತು ದಾಟಿದ ಪ್ರೊಫೆಸರ್‌ಗೆ ಹೇಳುವುದಲ್ಲ. ತೊಂದರೆ ಎಲ್ಲಿ ಅಂದರೆ, ಹುಡುಗ ಹುಡುಗಿಗೆ ಒಂಟಿಯಾಗಿ 'ವಾನ್ನಾ ಹ್ಯಾಂಗ್ ಔಟ್?' ಅಂದರೆ ಇದು ಗೆಳೆತನವೋ ಡೇಟೋ ಅನ್ನೋ ಅನುಮಾನ ಅವರಲ್ಲೂ ಹುಟ್ಟುತ್ತದೆ. ಅದಕ್ಕೆ 'ವಿತ್ ಅಸ್' ಸೇರಿಸಿ. 'ವಿ ಆರ್ ಗೋಯಿಂಗ್ ಫಾರ್ ಚಾಯ್, ವಾನ್ನಾ ಹ್ಯಾಂಗ್ ಔಟ್ ವಿತ್ ಅಸ್?' ನಾಲ್ಕು ಜನ ಇದ್ದೇವೆ ಅಂತ ಗೊತ್ತಾದ ಕೂಡಲೇ ಅನುಮಾನ ಹೋಗುತ್ತದೆ. ಇನ್ನೊಂದು: ಇದರ ಭೂತಕಾಲ 'ಹಂಗ್ ಔಟ್'. 'ಹ್ಯಾಂಗ್ಡ್' ಅಂದರೆ ಗಲ್ಲಿಗೇರಿಸಿದರು ಅಂತ. ಹಿಂಡಲಗಾ ಜೈಲಿನ ಪಕ್ಕದಲ್ಲಿ ಇರುವ ನಮಗೆ ಈ ವ್ಯತ್ಯಾಸ ಬಿಡಿಸಿ ಹೇಳಬೇಕಿಲ್ಲ.

'ಕ್ಯಾಚ್ ಅಪ್' ನಮ್ಮ ಆಫೀಸುಗಳಲ್ಲಿ ಯಾವ ಮೀಟಿಂಗಿಗೂ ಅನ್ನುತ್ತಾರೆ. ಅದರ ಜೀವ ಇರೋದು ಬೇರೆ ಕಡೆ. ಮೊದಲೇ ಗುರುತಿದ್ದವರು ಬಹಳ ದಿನ ಸಿಗದೆ ಇದ್ದಾಗ, ಅವರ ಸುದ್ದಿ ನಮಗೆ, ನಮ್ಮ ಸುದ್ದಿ ಅವರಿಗೆ ಹೇಳಿಕೊಳ್ಳುವುದು ಅದು. ನಿನ್ನೆ ಪರಿಚಯ ಆದವನಿಗೆ 'ಲೆಟ್ಸ್ ಕ್ಯಾಚ್ ಅಪ್' ಅಂದರೆ ಹಳೆಯ ಬಾಕಿಯೇ ಇಲ್ಲದವನ ಹತ್ತಿರ ವಸೂಲಿಗೆ ಹೋದ ಹಾಗೆ. ಹಾಸ್ಟೆಲ್ ಹುಡುಗನ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಸಿಕ್ಕಿತು: ಈಗ 'ಹ್ಯಾಂಗ್ ಔಟ್', ದೀಪಾವಳಿ ರಜೆ ಮುಗಿಸಿ ಇಬ್ಬರೂ ವಾಪಸ್ ಬಂದಾಗ 'ಕ್ಯಾಚ್ ಅಪ್'.

'ಗ್ರ್ಯಾಬ್ ಎ ಕಾಫಿ' ನನಗೆ ಇಷ್ಟ. ಎಷ್ಟು ಹೊತ್ತು, ಎಲ್ಲಿ, ಏನು ಎಲ್ಲ ಅದರೊಳಗೇ ಇದೆ. ಕಾಫಿ ಮುಗಿದರೆ ಎದ್ದು ಹೋಗಬಹುದು, ಮುಜುಗರ ಇಲ್ಲ. ಇಂಗ್ಲಿಷ್ ಕಡಿಮೆ ಇದ್ದವರಿಗೂ ಒಗ್ಗುತ್ತದೆ, ಯಾಕೆಂದರೆ ಕಪ್ಪು ಖಾಲಿ ಆಗುವವರೆಗೆ ನಡೆದರೆ ಸಾಕು. ಆದರೆ ಇದರ ಕೊನೆಗೆ 'ಸಮ್‌ಟೈಮ್' ಅಂತ ಒಂದು ಬಾಲ ಬರುತ್ತದೆ, ಅದರ ಬಗ್ಗೆ ಎಚ್ಚರ. ನಾನು ಪುಣೆಯಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಅಮೆರಿಕದಿಂದ ಬಂದಿದ್ದ ಒಬ್ಬರು ಲಿಫ್ಟಿನಲ್ಲಿ ನಗುತ್ತಾ 'ವಿ ಶುಡ್ ಗ್ರ್ಯಾಬ್ ಎ ಕಾಫಿ ಸಮ್‌ಟೈಮ್' ಅಂದರು. ನಾನು ಮರುದಿನ ಬೆಳಿಗ್ಗೆಯೇ ಯಾವ ಹೋಟೆಲು, ಎಷ್ಟು ಗಂಟೆಗೆ ಅಂತ ಮೆಸೇಜ್ ಹಾಕಿದೆ. ಉತ್ತರ ಬರಲಿಲ್ಲ. ಮತ್ತೆ ಹಾಕಿದೆ. ಮೂರನೇ ಸಲ ಹಾಕಿದಾಗ 'ಬಿಟ್ ಬಿಝಿ ದಿಸ್ ವೀಕ್' ಅಂತ ಬಂತು, ಆಮೇಲೆ ಲಿಫ್ಟಿನಲ್ಲಿ ಸಿಕ್ಕರೆ ಅವರು ಮೊಬೈಲ್ ನೋಡಲು ಶುರು ಮಾಡಿದರು. ಎಷ್ಟೋ ದಿನ ಅವರನ್ನು ಸೊಕ್ಕಿನ ಮನುಷ್ಯ ಅಂದುಕೊಂಡಿದ್ದೆ. ಒಂದು ದಿನ ನಮ್ಮ ಅಪ್ಪ ರಾಮದೇವ ಹೋಟೆಲ್ ಕಡೆ ಸಿಕ್ಕ ಯಾರಿಗೋ 'ಒಮ್ಮೆ ಮನೀಗೆ ಬರ್ರಿ' ಅನ್ನುವುದು ಕಿವಿಗೆ ಬಿತ್ತು, ಆಗ ಹೊಳೆಯಿತು. ಅವರೇನಾದರೂ ಮರುದಿನ ಬ್ಯಾಗ್ ಹಿಡಿದು ನಮ್ಮ ಬಾಗಿಲಿಗೆ ಬಂದಿದ್ದರೆ ಅಪ್ಪನೂ ತಬ್ಬಿಬ್ಬಾಗುತ್ತಿದ್ದರು. 'ಸಮ್‌ಟೈಮ್' ಅಂದರೆ ಅದೇ 'ಒಮ್ಮೆ'. ಅದು ಸುಳ್ಳಲ್ಲ, ಆದರೆ ಕರೆಯೂ ಅಲ್ಲ. ನಿಜವಾಗಿ ಕರೆಯಬೇಕಿದ್ದರೆ 'ಸಮ್‌ಟೈಮ್' ತೆಗೆದು ದಿನ ಹಾಕಿ: 'ಆರ್ ಯೂ ಫ್ರೀ ಥರ್ಸ್‌ಡೇ ಆಫ್ಟರ್ ಫೈವ್?'

ದುಡ್ಡಿನ ಮಾತು ಇಲ್ಲಿಯೇ ಹೇಳಿಬಿಡುತ್ತೇನೆ. ನಮ್ಮಲ್ಲಿ ಕರೆದವನೇ ಕೊಡಬೇಕು, ಗಲ್ಲಾದ ಮುಂದೆ 'ನಾ ಕೊಡ್ತೀನಿ, ನೀ ಸರಿ' ಅಂತ ಕೈ ಕೈ ಹಿಡಿದು ಎಳೆದಾಡುತ್ತೇವೆ. ಅಲ್ಲಿ ಸಾಮಾನ್ಯವಾಗಿ ಅವರವರದು ಅವರವರು ಕೊಡುತ್ತಾರೆ, ಬೇಜಾರು ಮಾಡಿಕೊಳ್ಳಬೇಡಿ. 'ಮೈ ಟ್ರೀಟ್' ಅಂತ ನಿಮ್ಮ ಬಾಯಿಂದ ಬಂದರೆ ಬಿಲ್ ನಿಮ್ಮದೇ, ಸುಮ್ನೆ ಮರ್ಯಾದೆಗೆ ಅನ್ನಬೇಡಿ. ಬ್ರಿಟನ್‌ನ ಪಬ್ಬಿನಲ್ಲಿ 'ರೌಂಡ್' ಪದ್ಧತಿ ಇದೆ. ಒಬ್ಬೊಬ್ಬರು ಸರದಿಯಲ್ಲಿ ಎಲ್ಲರಿಗೂ ಕೊಡಿಸುತ್ತಾರೆ. ನೀವು ಬರೀ ಜ್ಯೂಸ್ ಕುಡಿಯುವವರಾದರೆ ಮೊದಲೇ 'ಐ ವಿಲ್ ಗೆಟ್ ಮೈ ಓನ್' ಅಂದುಬಿಡಿ, ಆರು ಜನರ ಬಿಯರಿನ ದುಡ್ಡು ಉಳಿಯುತ್ತದೆ.

ಇನ್ನು ಬರೀ ಹೆಸರು ಹೇಳಿ ಎಚ್ಚರಿಸಬೇಕಾದವು ಮೂರು. 'ಹುಕ್ ಅಪ್' ಅಂದರೆ ಭೇಟಿ ಆಗೋಣ ಅಂದುಕೊಂಡಿರುತ್ತಾರೆ, ಹರೆಯದವರ ಬಾಯಲ್ಲಿ ಅದು ಹಾಸಿಗೆಯ ಮಾತು. 'ಗೋ ಔಟ್ ವಿತ್ ಮಿ' ಅಂದರೆ ಡೇಟು. 'ಐ ಆಮ್ ಸೀಯಿಂಗ್ ಹರ್' ಅಂದರೆ ನೋಡುತ್ತಿದ್ದೇನೆ ಅಂತಲ್ಲ, ನಮ್ಮಿಬ್ಬರದು ನಡೆದಿದೆ ಅಂತ.

ಆದ ಮೇಲೆ ಹೇಳಿಕೊಳ್ಳುವುದು

'ಹಿಟ್ ಇಟ್ ಆಫ್', 'ಕ್ಲಿಕ್', 'ಬಾಂಡ್ ಓವರ್', 'ಗೆಟ್ ಅಲಾಂಗ್'. ಇವು ಯಾವುವೂ ಕರೆಯುವ ಮಾತಲ್ಲ. 'ಲೆಟ್ಸ್ ಹಿಟ್ ಇಟ್ ಆಫ್' ಅಂತ ಯಾರೂ ಅನ್ನಲ್ಲ. ಭೇಟಿಯಾದ ಕೂಡಲೇ ಚಲೋ ಹೊಂದಿಕೆ ಆಯಿತು ಅಂತ ಆಮೇಲೆ ಹೇಳೋದು: 'ವಿ ಹಿಟ್ ಇಟ್ ಆಫ್'. ಈ 'ಹಿಟ್' ಮಾತ್ರ ಬಲು ಜಾರುವ ಶಬ್ದ. 'ಹಿಟ್ ಮಿ ಅಪ್' ಅಂದರೆ ಬೇಕಾದಾಗ ಮೆಸೇಜ್ ಹಾಕು ಅಂತ, ಹೊಡಿ ಅಂತಲ್ಲ. 'ಐ ಹಿಟ್ ಆನ್ ಹರ್' ಅಂದರೆ ಅವಳಿಗೆ ಲೈನ್ ಹೊಡೆದೆ ಅಂತ. ನಡುವಿನ ಪುಟ್ಟ ಶಬ್ದ ಒಂದು ಬದಲಾದರೆ ದೋಸ್ತಿಯಿಂದ ದೂರಿನವರೆಗೆ ಹೋಗಬಹುದು. ಇಷ್ಟು ಅಪಾಯ ಯಾಕೆ ಬೇಕು ಅನ್ನುವವರಿಗೆ 'ವಿ ಜಸ್ಟ್ ಕ್ಲಿಕ್ಡ್' ಇದೆ. ಅರ್ಥ ಹೆಚ್ಚು ಕಡಿಮೆ ಅದೇ, ನಾಲಿಗೆಗೆ ಸುಲಭ, ಬಿಟ್ಟುಹೋಗುವ ಸಣ್ಣ ಶಬ್ದವೇ ಇಲ್ಲ. ಬಜೆಟ್ ಕಡಿಮೆ ಇದ್ದವರು ಕಣ್ಣು ಮುಚ್ಚಿ ಇದನ್ನು ತಗೊಳ್ಳಿ.

'ಬಾಂಡ್ ಓವರ್' ಸ್ವಲ್ಪ ದುಬಾರಿ, ಆದರೆ ಚಂದ. ಯಾವುದರ ನೆಪದಲ್ಲಿ ಹತ್ತಿರ ಆದಿರಿ ಅಂತ ಹೇಳಲೇಬೇಕು: 'ವಿ ಬಾಂಡೆಡ್ ಓವರ್ ಕ್ರಿಕೆಟ್'. 'ಗೆಟ್ ಅಲಾಂಗ್' ಅಮೆರಿಕದ್ದು, ಬ್ರಿಟನ್‌ನಲ್ಲಿ 'ಗೆಟ್ ಆನ್' ಜಾಸ್ತಿ. ಅಲ್ಲಿ ಬಹಳ ಚೆನ್ನಾಗಿ ಹೊಂದಿಕೊಂಡಿದ್ದಾರೆ ಅನ್ನಲು ಮನೆಗೆ ಬೆಂಕಿ ಬಿದ್ದ ಹಾಗೆ ಅಂತಾರೆ, 'ಲೈಕ್ ಎ ಹೌಸ್ ಆನ್ ಫೈರ್'. ನಮ್ಮ ಅಜ್ಜಿಗೆ ಹೇಳಿದರೆ 'ಬಿಡ್ತು ಅನ್ನು' ಅಂದಾಳು. ಆದರೆ ಈಗಿನ ಹುಡುಗರೂ ಚೆನ್ನಾಗಿದ್ದಕ್ಕೆಲ್ಲ 'ಬೆಂಕಿ' ಅಂತಲೇ ಅನ್ನೋದಲ್ವಾ?

'ಬ್ರೇಕ್ ದಿ ಐಸ್' ಬಗ್ಗೆ ಎಲ್ಲರೂ ಕೇಳುತ್ತಾರೆ. ಹೆಪ್ಪುಗಟ್ಟಿದ ನೀರಿನಲ್ಲಿ ದೋಣಿಗೆ ದಾರಿ ಮಾಡಿಕೊಡೋದು ಅದರ ಮೂಲ, ವಿಜಯಪುರದ ಮೇ ಬಿಸಿಲಿನಲ್ಲಿ ನಿಂತವರಿಗೆ ಅದು ಮನಸ್ಸಿಗೆ ಹತ್ತುವುದು ಕಷ್ಟ. ಟ್ರೈನಿಂಗ್ ಕೊಡುವವರು ಬಳಸುವ ಮಾತು, ನೀವು ಬಳಸದಿದ್ದರೂ ನಡೆಯುತ್ತದೆ.

ಏನಂತ ಕೂಗುವುದು

'ಬ್ರೋ' ಈಗ ಇಡೀ ದೇಶಕ್ಕೆ ಸಾಕಾಗುತ್ತದೆ, ಹಾಸ್ಟೆಲ್‌ನಲ್ಲಿ ಚಿಂತೆ ಇಲ್ಲ. ಅಮೆರಿಕದ 'ಬಡ್ಡಿ' ಮತ್ತು 'ಪ್ಯಾಲ್' ಬಗ್ಗೆ ಹುಷಾರ್. ಗುರುತಿಲ್ಲದವನಿಗೆ ದನಿ ಏರಿಸಿ 'ಲಿಸನ್, ಪ್ಯಾಲ್' ಅಂದರೆ ಅದು ಜಗಳದ ಮೊದಲ ಮಾತು, ನಮ್ಮಲ್ಲಿ 'ಏನಪಾ ಸಾಹೇಬ' ಅಂದ ಹಾಗೆ. ಚಾಟ್‌ನಲ್ಲಿ ಎಲ್ಲರಿಗೂ 'ಡಿಯರ್' ಹಾಕುವ ಚಟ ನಮ್ಮವರಿಗಿದೆ, ಅದು ಹೊರದೇಶದವರಿಗೆ ಒಂದೋ ಪ್ರೇಮ ಅನಿಸುತ್ತದೆ, ಇಲ್ಲಾ ಅಜ್ಜಿ ಮಾತಾಡಿದಂತೆ ಅನಿಸುತ್ತದೆ. ಹೆಸರು ಹಿಡಿದು ಕರೆಯೋದೇ ಎಲ್ಲಕ್ಕಿಂತ ಸುರಕ್ಷಿತ. ಅಲ್ಲಿ ವಯಸ್ಸಿನಲ್ಲಿ ದೊಡ್ಡವರನ್ನೂ ಆಫೀಸಿನಲ್ಲಿ ಹೆಸರಿನಿಂದಲೇ ಕರೆಯುತ್ತಾರೆ, ನಮಗೆ ನಾಲಿಗೆ ಏಳುವುದಿಲ್ಲ, ರೂಢಿ ಮಾಡಿಕೊಳ್ಳಬೇಕು.

ಒಂದು ವಿಷಯ ಹೇಳದೆ ಇರಲಾಗುತ್ತಿಲ್ಲ. 'ಪ್ಯಾಲ್' ಇಂಗ್ಲಿಷಿಗೆ ಬಂದದ್ದು ರೋಮಾ ಜನರ ಭಾಷೆಯಿಂದ, 17ನೇ ಶತಮಾನದ ಕೊನೆಯ ಹೊತ್ತಿಗೆ. ಅವರ ಪೂರ್ವಿಕರು ಸುಮಾರು ಸಾವಿರ ವರ್ಷದ ಹಿಂದೆ ನಮ್ಮ ದೇಶದಿಂದಲೇ ಹೋದವರು. ಅವರ ಭಾಷೆಯಲ್ಲಿ 'ಫ್ರಲ್' ಅಂದರೆ ಅಣ್ಣತಮ್ಮ. ಸಂಸ್ಕೃತದ 'ಭ್ರಾತೃ' ಇದರ ಬೇರು, ಖಡೇಬಜಾರಿನಲ್ಲಿ ಕೇಳಿಸುವ ಮರಾಠಿ 'ಭಾವು' ಕೂಡ ಅದೇ ಬೇರಿನದು. ಅಂದರೆ ಲಂಡನ್ನಿನವನ 'ಪ್ಯಾಲ್', ಬೆಳಗಾವಿಯವನ 'ಭಾವು' ಅಣ್ಣತಮ್ಮಂದಿರು. 'ಮೇಟ್' ಇನ್ನೂ ರುಚಿ. ಅದು ಜೊತೆಗೆ ಉಣ್ಣುವವನು ಅನ್ನೋ ಅರ್ಥದ ಹಳೆಯ ಜರ್ಮನ್ ಶಬ್ದದಿಂದ ಬಂದದ್ದು. ಒಂದೇ ತಾಟಿನಲ್ಲಿ ರೊಟ್ಟಿ ಮುರಿದವರು ಅಂತ ನಾವು ಅನ್ನೋದು ಇದನ್ನೇ ತಾನೇ.

ಹಾಗಾದರೆ ಯಾರಿಗೆ ಯಾವುದು

ಮ್ಯಾಂಚೆಸ್ಟರ್‌ಗೆ ಹೊರಟವಳಿಗೆ: 'ಗೆಟ್ ಆನ್', 'ಫ್ಯಾನ್ಸಿ ಎ ಕಾಫಿ?', ಇವೆರಡು ಸಾಕು. 'ಫ್ಯಾನ್ಸಿ' ಜೊತೆ ತಿನ್ನುವ, ಕುಡಿಯುವ ವಸ್ತು ಇರಲಿ. ಮನುಷ್ಯರ ಹೆಸರು ಬಂದರೆ ಅವರ ಮೇಲೆ ಮನಸ್ಸಾಗಿದೆ ಅಂತ ಅರ್ಥ. ಅಲ್ಲಿ ಎದುರು ಸಿಕ್ಕವರು 'ಯೂ ಆಲ್‌ರೈಟ್?' ಅಂತಾರೆ. ಮುಖ ಬಾಡಿದೆಯಾ ಅಂತ ಗಾಬರಿ ಬೇಡ, ಅದು ನಮಸ್ಕಾರ ಇದ್ದಂತೆ. 'ಯಾ, ಯೂ?' ಅಂದು ಮುಂದೆ ನಡೆಯಿರಿ.

ನವನಗರದವನಿಗೆ ಜಾಗ ಇಲ್ಲ, ಕಾಫಿ ಇಲ್ಲ, ಪರದೆ ಒಂದೇ ಇದೆ. ಇಲ್ಲಿ ಸಂಜೆ ಏಳೂವರೆ ಅಂದರೆ ಟೆಕ್ಸಾಸ್‌ನಲ್ಲಿ ಬೆಳಿಗ್ಗೆ ಎಂಟೋ ಒಂಬತ್ತೋ. ಅವರು ಆಗ ತಾನೇ ಕಪ್ ಹಿಡಿದು ಕೂತಿರುತ್ತಾರೆ. ಮೀಟಿಂಗಿಗೆ ಮೂರು ನಿಮಿಷ ಮೊದಲು ಸೇರಿ 'ಹೌ ವಾಸ್ ಯುವರ್ ವೀಕೆಂಡ್?' ಅಂತ ಕೇಳಿ, ಮುಂದಿನ ಸೋಮವಾರ ಅವರು ಹೇಳಿದ್ದನ್ನು ನೆನಪಿಟ್ಟು ಮತ್ತೆ ಕೇಳಿ. ಇವನಿಗೆ 'ಹ್ಯಾಂಗ್ ಔಟ್' ಕೆಲಸಕ್ಕೆ ಬರಲ್ಲ. ಇವನಿಗೆ ಬೇಕಾದ್ದು ನೆನಪು.

ಬಾದಾಮಿಯವನು ಈಗ ಕೇಳುತ್ತಿರುವುದು 'ವಿಚ್ ಕಂಟ್ರಿ? ಒನ್ ಸೆಲ್ಫಿ'. ಗೋಳಗುಮ್ಮಟದಲ್ಲೂ ಇದೇ ಎರಡು ಮಾತು, ಪ್ರವಾಸಿಗರಿಗೆ ಕೇಳಿ ಕೇಳಿ ಸಾಕಾಗಿದೆ. ಎದುರಿಗಿರುವ ವಸ್ತುವಿನ ಬಗ್ಗೆ ಕೇಳಿದರೆ ಮಾತು ತಾನೇ ಬೆಳೆಯುತ್ತದೆ. ಬಂಡೆಯ ಹತ್ತಿರ 'ಹೌ ವಾಸ್ ದಿ ಕ್ಲೈಂಬ್?', ಗುಮ್ಮಟದ ಪಿಸುಮಾತಿನ ಗ್ಯಾಲರಿಯಲ್ಲಿ 'ಹ್ಯಾವ್ ಯೂ ಟ್ರೈಡ್ ದಿ ಎಕೋ ಯೆಟ್?' ಹೊರಡುವಾಗ ನಂಬರ್ ಕೇಳೋದಕ್ಕಿಂತ 'ಆರ್ ಯೂ ಆನ್ ಇನ್‌ಸ್ಟಾ?' ಹಗುರ. ಬೇಡ ಅನ್ನಲು ಅವರಿಗೂ ಸುಲಭ, ಅನ್ನಿಸಿಕೊಳ್ಳಲು ನಿಮಗೂ ಸುಲಭ.

ಕೊನೆಗೆ ಹಾಸ್ಟೆಲ್ ಹುಡುಗ. ಇವನ ಜೇಬಿನಲ್ಲಿ ಇಂಗ್ಲಿಷ್ ಚಿಲ್ಲರೆಯೇ ಇರೋದು, ನಾಚಿಕೆ ಮಾತ್ರ ನೋಟಿನ ಕಂತೆ. ಅವನಿಗೆ ನಾನು ಹೇಳಿದ್ದು ಎರಡೇ ಶಬ್ದ. ಊರಿಗೆ ಹೋಗಿ ಬರುವಾಗ ಅಮೀನಗಡದ ಕರದಂಟಿನ ಡಬ್ಬಿ ತಗೊಂಡು ಬಾ, ರೂಮಿನಲ್ಲಿ ಮುಚ್ಚಳ ತೆಗೆದು ಅವನ ಕಡೆ ಹಿಡಿದು 'ವಾಂಟ್ ಸಮ್?' ಅನ್ನು. ಇದರಲ್ಲಿ ತಪ್ಪಲು ವ್ಯಾಕರಣವೇ ಇಲ್ಲ, ಅಪಾರ್ಥಕ್ಕೆ ಜಾಗ ಇಲ್ಲ, ಯಾವ ದೇಶದವರಿಗೂ ನಡೆಯುತ್ತದೆ. ಅವನು 'ವಾಟ್ ಈಸ್ ದಿಸ್?' ಅಂತ ಕೇಳಿಯೇ ಕೇಳುತ್ತಾನೆ. ಅದಕ್ಕೆ 'ನಟ್ಸ್, ಡೇಟ್ಸ್, ಜ್ಯಾಗರಿ' ಅಂತ ಉತ್ತರ ಕಲಿಸಿ ಕಳಿಸಿದ್ದೇನೆ. ಮ್ಯಾಂಚೆಸ್ಟರ್‌ನವಳೂ ಇದನ್ನು ಕೇಳಿ ತಾನೂ ಎರಡು ಡಬ್ಬಿ ಒಯ್ಯುತ್ತೇನೆ ಅಂದಳು. ಅವಳಿಗೆ ಮಾತ್ರ ಇನ್ನೊಂದು ಸಾಲು ಜಾಸ್ತಿ ಕಲಿಸಬೇಕಾಯಿತು, ಡಬ್ಬಿ ಚಾಚುವ ಮೊದಲು ಕೇಳಲು: 'ಎನಿ ನಟ್ ಅಲರ್ಜೀಸ್?'